ಎಮ್ಮೆಗೆ ಹಾಕಿದ ಬರೆ: ಮನೆ ಕಂಪ್ಯೂಟರಿನ ಪರದೆ, ಸೌಂಡು ಎರಡೂ ಕೈಕೊಟ್ಟ ಮೂರು ವಾರ

ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಅವತ್ತು ರಾತ್ರಿ ಒಂಬತ್ತೂವರೆಗೆ ಬ್ಲೆಂಡರ್ ಅನ್ನುವ 3ಡಿ ಚಿತ್ರದ ಸಾಫ್ಟ್‌ವೇರ್ ತೆರೆದು ಯಾವುದೋ ಗೇರನ್ನು ತಿರುಗಿಸುತ್ತಾ ಕೂತಿದ್ದಳು. "ಅಪ್ಪಾ, ಮತ್ತೆ ಹೋಯ್ತು!" ಅಂತ ಕೂಗಿದಳು. ನಾನು ಹೋಗುವಷ್ಟರಲ್ಲಿ ಕಪ್ಪಾಗಿದ್ದ ಪರದೆ ವಾಪಸ್ ಬಂದಿತ್ತು. ಸೌಂಡ್ ಮಾತ್ರ ಬರಲಿಲ್ಲ. ಕೆಳಗೆ ಬಲಗಡೆ ಸ್ಪೀಕರ್ ಗುರುತಿನ ಮೇಲೆ ಕೆಂಪು ಇಂಟು ಮಾರ್ಕು.

"ಮತ್ತೆ ಅಂದ್ರೆ ಎಷ್ಟನೇ ಸಲ?"

"ನಾಲ್ಕೋ ಐದೋ."

"ಮೊದಲೇ ಹೇಳಬಾರದಾ?"

"ಹೇಳಿದ್ನಲ್ಲ. ನೀನೇ ರೀಸ್ಟಾರ್ಟ್ ಮಾಡ್ಕೋ ಅಂದೆ."

ಅದೂ ನಿಜ.

ಮೆಷಿನ್ನಿನ ಜಾತಕ ಹೇಳಿಬಿಡುತ್ತೇನೆ. 2017ರಲ್ಲಿ ಜೋಡಿಸಿದ್ದು. ಐ5 7400 ಪ್ರೊಸೆಸರ್, 8 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು (ಪರದೆಯ ಚಿತ್ರ ಬಿಡಿಸುವುದು ಅದರ ಕೆಲಸ), ವಿಂಡೋಸ್ 10. ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ, ಅದರ ಮೇಲೆ 450 ವಾಟ್ ಅಂತ ದಪ್ಪ ಅಕ್ಷರ. ಮಾನಿಟರಿಗೆ ಎಚ್‌ಡಿಎಂಐ ಕೇಬಲ್ಲು, ಸ್ಪೀಕರ್ ಮಾನಿಟರಿನೊಳಗೇ ಇದೆ. ಮೈಸೂರು ಕುವೆಂಪುನಗರದ ನಮ್ಮ ಮನೆಯ ಹಾಲಿನಲ್ಲಿ, ದೇವರ ಮನೆ ಬಾಗಿಲ ಪಕ್ಕ ಅದರ ಜಾಗ. ಈ ಜಾಗದ ವಿಷಯ ಆಮೇಲೆ ಬರುತ್ತೆ.

ಬೆಳಿಗ್ಗೆ ಇದೇ ಕಂಪ್ಯೂಟರಿನಲ್ಲಿ ಅಮ್ಮ ಆಕಾಶವಾಣಿ ಕೇಳುತ್ತಾರೆ. ಮನೆಯ ರೇಡಿಯೋ ಕೆಟ್ಟು ವರ್ಷವಾಯಿತು. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರು ನಮ್ಮದು. ಅಂಥಾ ಊರಲ್ಲಿ ನಮ್ಮ ಮನೆ ಮಾತ್ರ ಮೂಕ. ವಿಂಡೋಸ್‌ಗೂ ಕಾರ್ಡಿಗೂ ನಡುವೆ ಮಾತಾಡಿಸುವ ಸಾಫ್ಟ್‌ವೇರಿಗೆ ಡ್ರೈವರ್ ಅಂತಾರೆ. ಡ್ರೈವರ್ ಕೈಕೊಟ್ಟಿದೆ ಅಂತ ಅಮ್ಮನಿಗೆ ಹೇಳಿದೆ. "ಡ್ರೈವರ್ ಕೈಕೊಟ್ಟರೆ ಕಾರು ನಿಲ್ಲಬೇಕು, ಹಾಡು ಯಾಕೋ ನಿಲ್ತು?" ಅಂದರು.

ಶನಿವಾರ ಏನನ್ನೂ ಮುಟ್ಟಲಿಲ್ಲ. ಬರೀ ನೋಡಿದೆ. ಸ್ಟಾರ್ಟ್ ಒತ್ತಿ ರಿಲಯಬಿಲಿಟಿ ಅಂತ ಟೈಪ್ ಮಾಡಿದರೆ ಒಂದು ಚಾರ್ಟು ತೆರೆಯುತ್ತೆ. ಯಾವ ದಿನ ಏನು ಬಿತ್ತು ಅಂತ ಕೆಂಪು ಗುರುತು ಹಾಕಿಟ್ಟಿರುತ್ತೆ. ಎರಡು ವಾರದಲ್ಲಿ ಒಂಬತ್ತು ಕೆಂಪು ಗುರುತು. ಮಗಳ "ನಾಲ್ಕೋ ಐದೋ" ಲೆಕ್ಕ ಅಲ್ಲೇ ತಪ್ಪಿತು. ಆಮೇಲೆ ವಿಂಡೋಸ್ ನಡೆದದ್ದನ್ನೆಲ್ಲಾ ಬರೆದಿಟ್ಟಿದ್ದನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದೆ. ಎರಡು ನಂಬರು ಮತ್ತೆ ಮತ್ತೆ ಕಾಣಿಸಿದವು. ಒಂದು 4101: ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಸರಿಹೋಗಿದೆ ಅನ್ನುವ ಸಂದೇಶ. ಇನ್ನೊಂದು ಕರ್ನಲ್ ಪವರ್ 41. ಮೆಷಿನ್ನು ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಯಿತು ಅಂತ ಅಷ್ಟೇ ಅದರರ್ಥ. ಯಾಕೆ ಆಫ್ ಆಯಿತು ಅಂತ ಅದು ಹೇಳುವುದಿಲ್ಲ. 41 ಕಂಡ ಕೂಡಲೇ ಎಸ್‌ಎಂಪಿಎಸ್ ಸತ್ತಿದೆ ಅನ್ನುವವರೂ ಇದ್ದಾರೆ, ಅಷ್ಟು ಸುಲಭ ಅಲ್ಲ. ನಾನಂತೂ ಆಗ 4101ಕ್ಕೇ ಜೋತುಬಿದ್ದೆ.

ಪರದೆ ಎರಡು ಸೆಕೆಂಡು ಕಪ್ಪಾಗಿ ವಾಪಸ್ ಬರುವುದರ ಗುಟ್ಟು ಇಷ್ಟು. ವಿಂಡೋಸ್ ಒಂದು ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟು 2 ಸೆಕೆಂಡು ಕಾಯುತ್ತದೆ. ಉತ್ತರ ಬರಲಿಲ್ಲ ಅಂದರೆ ಕಾರ್ಡು ಸಿಕ್ಕಿಹಾಕಿಕೊಂಡಿದೆ ಅಂತ ತೀರ್ಮಾನಿಸಿ, ಕಾರ್ಡನ್ನೂ ಡ್ರೈವರನ್ನೂ ರೀಸೆಟ್ ಮಾಡುತ್ತದೆ. ವಿಸ್ಟಾ ಕಾಲದಿಂದ ಬಂದ ಏರ್ಪಾಡು ಇದು. ರೀಸೆಟ್ಟೂ ಆಗಲಿಲ್ಲ ಅಂದರೆ ನೀಲಿ ಪರದೆ. ಅಂದರೆ ಆ ಸಂದೇಶ ಡ್ರೈವರ್ ಕೆಟ್ಟಿದೆ ಅಂತ ಹೇಳುತ್ತಿಲ್ಲ. ಕಾರ್ಡು ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ ಅಂತ ಅಷ್ಟೇ ಹೇಳುತ್ತಿದೆ. ಇದು ನನಗೆ ಅರ್ಥವಾಗಲು ಮೂರು ವಾರ ಹಿಡಿಯಿತು.

ಸೌಂಡ್ ಯಾಕೆ ಜೊತೆಗೇ ಹೋಗುತ್ತೆ? ಎಚ್‌ಡಿಎಂಐ ಕೇಬಲ್ಲಿನಲ್ಲಿ ಹೋಗುವ ಸೌಂಡು ಮದರ್‌ಬೋರ್ಡಿನಿಂದ, ಅಂದರೆ ಎಲ್ಲಾ ಭಾಗ ಕೂರುವ ಮುಖ್ಯ ಬೋರ್ಡಿನಿಂದ, ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನೊಳಗೇ ಅದಕ್ಕೊಂದು ಸಣ್ಣ ಸೌಂಡ್ ಸಾಧನ ಇರುತ್ತದೆ, ಅಲ್ಲಿಂದ ಬರುತ್ತದೆ. ಕಾರ್ಡು ಮುಗ್ಗರಿಸಿದರೆ ಬೆನ್ನ ಮೇಲೆ ಕೂತವನೂ ಬಿದ್ದ. ಇದನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ಕ್ಯಾಬಿನೆಟ್ ಹಿಂದಿನ ಹಸಿರು ತೂತಿಗೆ ಇಯರ್‌ಫೋನ್ ಹಾಕಿ, ಸೌಂಡ್ ಸೆಟ್ಟಿಂಗ್‌ನಲ್ಲಿ ರಿಯಲ್‌ಟೆಕ್ (ಮದರ್‌ಬೋರ್ಡಿನ ಸೌಂಡ್) ಆರಿಸಿ, ಪರದೆ ಬೀಳುವ ತನಕ ಕಾಯಬೇಕು. ಕಾದೆ. ಪರದೆ ಬಿತ್ತು, ಇಯರ್‌ಫೋನಿನಲ್ಲಿ ಹಾಡು ನಿಲ್ಲಲಿಲ್ಲ. ಆದರೆ ನಡುನಡುವೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತಿತ್ತು, ಹಿಂದೆ ಗುಂಯ್ ಅಂತ ಒಂದು ಶ್ರುತಿ ಬೇರೆ. ಅದು ಇನ್ನೊಂದು ಕಾಯಿಲೆ. ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಮಾಡಿ ಬರೆದಿಟ್ಟೆ. ಎರಡನ್ನೂ ಒಂದೇ ಅಂದುಕೊಂಡಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ.

ಭಾನುವಾರ ಡ್ರೈವರ್ ಬದಲಿಸುವ ಕೆಲಸ. ಸುಮ್ನೆ ಹಳೆಯದರ ಮೇಲೆ ಹೊಸದು ಹಾಕುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲು ಬೇಕಾದ ಡ್ರೈವರನ್ನು ಕಾರ್ಡಿನ ಕಂಪನಿಯ ಸೈಟಿನಿಂದಲೇ ಇಳಿಸಿಟ್ಟುಕೊಂಡೆ. ಆಮೇಲೆ ಇಂಟರ್‌ನೆಟ್ ಕೇಬಲ್ ಕಿತ್ತೆ. ಇಲ್ಲದಿದ್ದರೆ ಹಳೇ ಡ್ರೈವರ್ ತೆಗೆದ ಮರುಕ್ಷಣ ವಿಂಡೋಸ್ ತನಗೆ ತೋಚಿದ್ದನ್ನು ತಂದು ಹಾಕುತ್ತೆ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟರೆ ನೀಲಿ ಮೆನು ಬರುತ್ತೆ, ಅಲ್ಲಿಂದ ಸೇಫ್ ಮೋಡ್, ಅಂದರೆ ತೀರಾ ಬೇಕಾದ ಡ್ರೈವರ್ ಮಾತ್ರ ಇಟ್ಟುಕೊಂಡು ಶುರುವಾಗುವ ವಿಂಡೋಸ್. ಸೇಫ್ ಮೋಡಿನಲ್ಲಿ ಅಕ್ಷರ ದಪ್ಪ ಕಾಣುತ್ತೆ, ಸೌಂಡ್ ಇರುವುದೇ ಇಲ್ಲ. ಅಲ್ಲಿ ಗಾಬರಿ ಬೇಡ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಬಳಸುವವರು ಡಿಡಿಯು ಅಂತಾರೆ. ಅದರಿಂದ ಹಳೆಯದನ್ನು ಗುಡಿಸಿ ತೆಗೆದೆ. ಹೊಸದನ್ನು ಹಾಕುವಾಗ ಕಸ್ಟಮ್ ಆರಿಸಿ, ಡ್ರೈವರ್ ಮತ್ತು ಎಚ್‌ಡಿ ಆಡಿಯೋ ಎರಡಕ್ಕೆ ಮಾತ್ರ ಟಿಕ್ ಬಿಟ್ಟೆ. ಆಡಿಯೋ ಟಿಕ್ ತೆಗೆದುಬಿಟ್ಟರೆ ಮಾನಿಟರಿನ ಸ್ಪೀಕರ್ ಮೂಕವಾಗುತ್ತೆ. ಅನಗತ್ಯ ಅಂದುಕೊಂಡು ತೆಗೆಯುವವರು ಬೇಕಾದಷ್ಟು ಜನ.

ನಾಲ್ಕು ದಿನ ಒಂದೇ ಒಂದು ಕೆಂಪು ಗುರುತಿಲ್ಲ. ಗೆದ್ದೆ ಅಂದುಕೊಂಡೆ. ಆಫೀಸಿನಲ್ಲಿ ಇಬ್ಬರಿಗೆ ಡಿಡಿಯು ಬಗ್ಗೆ ಭಾಷಣವನ್ನೂ ಕೊಟ್ಟೆ. ಐದನೇ ದಿನ ಗೊತ್ತಾಯಿತು: ಮಗಳಿಗೆ ಇಂಟರ್ನಲ್ಸ್ ನಡೀತಿತ್ತು, ಬ್ಲೆಂಡರ್ ತೆರೆದೇ ಇರಲಿಲ್ಲ. ತೆರೆದ ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪು. ಈ ಸಲ ವಾಪಸ್ಸೂ ಬರಲಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಹೊಸದಾಗಿ ಶುರುವಾಗುತ್ತೆ. ಒತ್ತಿದೆ. ಟಿಂಗ್ ಅಂತ ಒಂದು ಸದ್ದು ಬಂತು, ಪರದೆ ಬಂತು. ಫೈಲ್ ಉಳಿಯಿತು. ಈ ನಾಲ್ಕು ಕೀಗಳ ಉಪಾಯವನ್ನು ಮಗಳು ಚೀಟಿ ಬರೆದು ಮಾನಿಟರಿಗೆ ಅಂಟಿಸಿದಳು.

ಇಲ್ಲಿಂದ ನಾನು ಡ್ರೈವರನ್ನು ಚೆನ್ನಾಗಿಯೇ ಹಿಂಸಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೇ ಡ್ರೈವರ್, ಅದಕ್ಕಿಂತ ಹಳೇದು, ಮತ್ತೆ ಹೊಸದು. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ ಅನ್ನುವ ಬೆಲೆ ಸೇರಿಸಿ ಆ 2 ಸೆಕೆಂಡನ್ನು 10 ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ. ಮಾಡಿ ನೋಡಿದೆ. ಮೊದಲು ಎರಡು ಸೆಕೆಂಡು ಕಪ್ಪಾಗುತ್ತಿದ್ದ ಪರದೆ ಈಗ ಹತ್ತು ಸೆಕೆಂಡು ಕಲ್ಲಿನ ಹಾಗೆ ನಿಂತು, ಆಮೇಲೆ ಕಪ್ಪಾಯಿತು. ಭಾರಿ ಲೆಕ್ಕ ಮಾಡುವ ಕಾರ್ಡು ನಿಜವಾಗಲೂ ತಡ ಮಾಡುತ್ತಿದ್ದರೆ ಇದು ಸರಿ. ನನ್ನ ಕಾರ್ಡು ತಡ ಮಾಡುತ್ತಿರಲಿಲ್ಲ, ಮೂರ್ಛೆ ಹೋಗುತ್ತಿತ್ತು. ಆ ಬೆಲೆಯನ್ನು ಅಳಿಸಿದೆ.

ಎರಡನೇ ಶನಿವಾರ ಕ್ಯಾಬಿನೆಟ್ ಬಿಚ್ಚಿದೆ. ದೇವರ ಮನೆ ಪಕ್ಕದ ಜಾಗ ಅಂದೆನಲ್ಲ. ದಿನಕ್ಕೆ ಎರಡು ಹೊತ್ತು ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಊದುಬತ್ತಿ ಊರಿನವರು ನಾವು, ಕಡಿಮೆ ಮಾಡಿ ಅಂತ ಅಮ್ಮನಿಗೆ ಹೇಳುವ ಧೈರ್ಯ ಯಾರಿಗಿದೆ? ಆ ಹೊಗೆಯ ಜಿಡ್ಡಿಗೆ ದೂಳು ಸೇರಿ ಕಾರ್ಡಿನ ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಊದಿದರೆ ಹೋಗಲ್ಲ. ಬ್ರಷ್‌ನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತೆ, ಮಲ್ಲಿಗೆ ವಾಸನೆ ಸಮೇತ. ಕ್ಯಾಬಿನೆಟ್ಟಿನ ತಳದಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಹಿಂದೆ ಒಂದು ಸ್ಲಾಟಿನ ತಗಡು ಇರಲಿಲ್ಲ, ಅಲ್ಲಿಂದ ಒಳಗೆ ಬಂದು ಬೆಚ್ಚಗೆ ಬಾಣಂತನ ಮುಗಿಸಿಕೊಂಡು ಹೋಗಿದೆ.

ಕಾರ್ಡಿನ ಕಾವು ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚಿ, ಅದಕ್ಕೆ ಕಾವು ದಾಟಿಸುವ, ಒಣಗಿ ಸುಣ್ಣದಂತಾಗಿದ್ದ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸದು ಹಚ್ಚಿದೆ. ಕೆಲಸದ ಹೊತ್ತಿನಲ್ಲಿ 84 ಡಿಗ್ರಿ ಇದ್ದದ್ದು 67ಕ್ಕೆ ಇಳಿಯಿತು. ಖುಷಿಯಾಯಿತು. ಆದರೆ ಈ ಕಾರ್ಡಿಗೆ ಕಂಪನಿ ಕೊಟ್ಟಿರುವ ಮಿತಿಯೇ 97 ಡಿಗ್ರಿ. 84ಕ್ಕೆಲ್ಲಾ ಅದು ಬೀಳಬಾರದಿತ್ತು. ಬಿದ್ದಿದ್ದೂ ನಿಲ್ಲಲಿಲ್ಲ, 67 ಡಿಗ್ರಿಯಲ್ಲೂ ಬಿತ್ತು. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ರಾತ್ರಿಯೆಲ್ಲಾ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ತಪ್ಪಿಲ್ಲ.

ಈಗ ಸರಿಯಾದ ದಾರಿಯಲ್ಲಿ ನಡೆದು ತಪ್ಪು ಮನೆಗೆ ಹೋದ ಕಥೆ. ಕಾರ್ಡನ್ನೇ ತೆಗೆದು, ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸ್‌ನಲ್ಲೇ ಎರಡು ದಿನ ನಡೆಸಿದೆ. ಬ್ಲೆಂಡರ್ ಆಮೆಯ ಹಾಗೆ ಓಡಿತು, ಬೀಳಲಿಲ್ಲ. ಸಹೋದ್ಯೋಗಿಯೊಬ್ಬರ ಹತ್ತಿರ ಜಿಟಿ 710 ಕಾರ್ಡು ಇಸಿದುಕೊಂಡು ಹಾಕಿದೆ. ಅದೂ ಬೀಳಲಿಲ್ಲ. ಇನ್ನೇನು, ನನ್ನ ಕಾರ್ಡೇ ಸತ್ತಿದೆ ಅಲ್ವಾ? ರಿಪೇರಿ ಅಂಗಡಿಯ ಹುಡುಗನೂ ಫೋನಿನಲ್ಲಿ, "ಸಾರ್, ಕಾರ್ಡು ಹೋಗಿದೆ. ಅದಿರಲಿ, ಈ ಪ್ರೊಸೆಸರಿಗೆ ವಿಂಡೋಸ್ 11 ಬರಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಪೂರ್ತಿ ಹೊಸದೇ ತಗೊಂಬಿಡಿ" ಅಂದ. ಮಾತು ಸುಳ್ಳಲ್ಲ. ದುಡ್ಡು ನನ್ನದು.

ತಡೆದದ್ದು ಮಗಳು. "ಆ ಕಾರ್ಡನ್ನ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ್ಯಾ?" ಅಂದಳು. ನೋಡಿರಲಿಲ್ಲ.

ಮಂಡ್ಯದಲ್ಲಿ ಭಾವಮೈದ ಇದ್ದಾನೆ, ಅವನ ಹತ್ತಿರ ಹೆಚ್ಚುಕಡಿಮೆ ಇಂಥದೇ ಮೆಷಿನ್ನಿದೆ. ಭಾನುವಾರ ಬೆಳಿಗ್ಗೆ ಕಾರ್ಡನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಸುತ್ತಿ, ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು ರೈಲು ಹತ್ತಿದೆ. "ಏನ್ ಭಾವ, ತಿಂಡಿ ತಂದ್ರಾ?" ಅಂತ ಡಬ್ಬಿ ತೆರೆದವನ ಮುಖ ನೋಡಬೇಕಿತ್ತು. ಕಾರ್ಡು ಹಾಕಿ, ಅದಕ್ಕೆ ಪೂರ್ತಿ ಹೊರೆ ಹೊರಿಸಿ ನೋಡುವ ಫರ್‌ಮಾರ್ಕ್ ಅನ್ನುವ ಸಾಫ್ಟ್‌ವೇರ್ ಓಡಿಸಿ, ಆಮೇಲೆ ಮಗಳ ಫೈಲನ್ನೂ ತೆರೆದೆವು. ಒಂದು ಗಂಟೆ, ಎರಡು ಗಂಟೆ. ಊಟ ಮಾಡಿ ಬಂದೆವು. ಮೂರು ಗಂಟೆಯಾದರೂ ಕಾರ್ಡು ಗುಂಡುಕಲ್ಲಿನ ಹಾಗೆ ನಿಂತಿತ್ತು. ವಾಪಸ್ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಮೊಬೈಲಿನಲ್ಲಿ ಎರಡು ಕಾರ್ಡಿನ ವಿವರ ನೋಡಿದೆ. ಜಿಟಿ 710 ಎಳೆಯುವುದು 19 ವಾಟ್. ನನ್ನದು 75. ನಾನು ಕಾರ್ಡು ಬದಲಿಸಿದಾಗಲೆಲ್ಲಾ ನನಗೇ ಗೊತ್ತಿಲ್ಲದೆ ಹೊರೆಯನ್ನೂ ಇಳಿಸುತ್ತಿದ್ದೆ.

1050 ಟಿಐನಲ್ಲಿ ನನ್ನ ಮಾದರಿಗೆ ಬೇರೆ ಪವರ್ ಪ್ಲಗ್ ಇಲ್ಲ. ಇರುವುದೆಲ್ಲಾ ಸ್ಲಾಟಿನಿಂದಲೇ ಬರಬೇಕು. ಸ್ಲಾಟಿಗೆ 12 ವೋಲ್ಟ್ ಬರುವುದು ಮದರ್‌ಬೋರ್ಡಿನ 24 ಪಿನ್ ಪ್ಲಗ್ಗಿನಿಂದ. ಅಷ್ಟು ದೊಡ್ಡ ಪ್ಲಗ್ಗಿನಲ್ಲಿ 12 ವೋಲ್ಟಿನ ಹಳದಿ ವೈರು ಎರಡೇ ಎರಡು.

ಅಂದು ರಾತ್ರಿಯೇ ಮಲ್ಟಿಮೀಟರ್ ತೆಗೆದೆ. ಡಿಸಿ 20 ವೋಲ್ಟಿಗೆ ತಿರುಗಿಸಿ, ಎರಡು ಕಡೆ ಅಳತೆ. ಒಂದು, ಎಸ್‌ಎಂಪಿಎಸ್‌ನಿಂದ ನೇರ ಬರುವ ಹಳೇ ನಾಲ್ಕು ಪಿನ್ನಿನ ಪ್ಲಗ್ಗು, ಹಳದಿಗೂ ಕಪ್ಪಿಗೂ ನಡುವೆ. ಇನ್ನೊಂದು, ಮದರ್‌ಬೋರ್ಡಿನ ಮೇಲೆ ಖಾಲಿ ಇದ್ದ ಫ್ಯಾನ್ ಪಿನ್ನು, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಪ್ರೋಬ್ ಜಾರಿ ಎರಡು ಪಿನ್ನನ್ನು ಒಟ್ಟಿಗೆ ಮುಟ್ಟಿದರೆ ಬೋರ್ಡಿಗೇ ತಿಥಿ, ಹಾಗಾಗಿ ಮಗಳು ಟಾರ್ಚ್ ಹಿಡಿದಳು, ನಾನು ಉಸಿರು ಹಿಡಿದೆ. ಮೆಷಿನ್ನು ಸುಮ್ಮನಿದ್ದಾಗ 12.02, 11.96. ಫರ್‌ಮಾರ್ಕ್ ಶುರು ಮಾಡಿದ ಮೇಲೆ ಎಸ್‌ಎಂಪಿಎಸ್ ಕಡೆ 11.68. ಬೋರ್ಡಿನ ಕಡೆ 11.21. ಅಷ್ಟರಲ್ಲಿ ಪರದೆ ಕಪ್ಪು.

ಇಂಥ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದಲ್ಲಿ 12 ವೋಲ್ಟಿಗೆ ಶೇಕಡಾ 5ರಷ್ಟು ಆಚೀಚೆ ಬಿಡುತ್ತಾರೆ. ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಎಸ್‌ಎಂಪಿಎಸ್ ಬಾಯಿಂದ ಬೋರ್ಡಿಗೆ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. ಎಲ್ಲಿ?

ಕರೆಂಟ್ ಆಫ್ ಮಾಡಿ, ಪ್ಲಗ್ ಕಿತ್ತು, ಆ 24 ಪಿನ್ ಪ್ಲಗ್ಗನ್ನು ಎಳೆದೆ. ಸುಲಭಕ್ಕೆ ಬರಲಿಲ್ಲ. ಕ್ಲಿಪ್ ಒತ್ತಿ ಆ ಕಡೆ ಈ ಕಡೆ ಅಲ್ಲಾಡಿಸಿದ ಮೇಲೆ ಬಂತು. ತಿರುಗಿಸಿ ನೋಡಿದರೆ ಬಿಳೀ ಪ್ಲಾಸ್ಟಿಕ್ಕಿನಲ್ಲಿ ಹಳದಿ ವೈರುಗಳು ಕೂರುವ ಎರಡು ಮನೆಗಳ ಸುತ್ತ ಮಾತ್ರ ಫಿಲ್ಟರ್ ಕಾಫಿ ಬಣ್ಣ. ಒಂದರ ಅಂಚು ಕರಗಿ ದುಂಡಗಾಗಿತ್ತು. ಒಳಗಿನ ಲೋಹದ ತುಟಿ ಅಗಲವಾಗಿ, ಪಿನ್ನನ್ನು ಬಿಗಿ ಹಿಡಿಯುವ ಶಕ್ತಿ ಕಳೆದುಕೊಂಡಿತ್ತು. 5 ಆಂಪಿಯರ್ ಅಂತ ಲೆಕ್ಕ ಹಾಕಿದರೂ ಆ ಪುಟ್ಟ ಜಾಗದಲ್ಲಿ ಎರಡು ವಾಟ್ ಮೇಲೆ ಶಾಖ. ಕಾದಷ್ಟೂ ಸಡಿಲ, ಸಡಿಲವಾದಷ್ಟೂ ಕಾವು. ಮಗಳು ಮೂಸಿ ನೋಡಿ, "ಸುಟ್ಟ ವಾಸನೆ ಇದೆ" ಅಂದಳು. ಊದುಬತ್ತಿ ವಾಸನೆ ನಡುವೆ ನಮಗೆ ಅದು ತಿಳಿದೇ ಇರಲಿಲ್ಲ.

ಹೊಸ ಎಸ್‌ಎಂಪಿಎಸ್ ತಂದೆ. 450 ವಾಟೇ, ಆದರೆ ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತು ಇರುವುದು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಹಳೆಯದು ಹೊಸದರ ಅರ್ಧಕ್ಕಿಂತ ಚೂರು ಜಾಸ್ತಿ ತೂಗಿತು, ಅಷ್ಟೇ. ಹಳೆಯದನ್ನು ನಾನು ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಹೋಗಿ 320ರ ಮೇಲೆ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ. ಅಂಗಡಿ ಹುಡುಗ ತನ್ನ ಮೇಜಿನ ಮೇಲೆ ಅದನ್ನು ಖಾಲಿ ಮಾಡಿ ಬಿಚ್ಚಿ ತೋರಿಸಿದ. 12 ವೋಲ್ಟ್ ಕಡೆಯ ಎರಡು ಕೆಪಾಸಿಟರಿನ ತಲೆ ಪೂರಿಯ ಹಾಗೆ ಉಬ್ಬಿತ್ತು. ಬೋರ್ಡಿನ ಕಡೆಯ ಪಿನ್ನುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷು, ಆಲ್ಕೋಹಾಲಿನಿಂದ ಉಜ್ಜಿದೆ. ಕಪ್ಪು ಪೂರ್ತಿ ಹೋಗಲಿಲ್ಲ, ಹೊಸ ಪ್ಲಗ್ ಮಾತ್ರ ಬಿಗಿಯಾಗಿ ಕೂತಿತು. ಮತ್ತೆ ಅಳೆದೆ: ಫರ್‌ಮಾರ್ಕ್ ಓಡುವಾಗ 12.08, 11.98.

ಉಳಿದದ್ದು ನೋಟ್‌ಬುಕ್ಕಿನ ಎರಡನೇ ಪುಟ, ಇಯರ್‌ಫೋನಿನ ಚಟಪಟ. ಅದರ ತಪ್ಪು ಪೂರ್ತಿ ನನ್ನದು. ಆರು ತಿಂಗಳ ಹಿಂದೆ ಎಲ್ಲಾ ಡ್ರೈವರ್ ಒಂದೇ ಏಟಿಗೆ ಹಾಕುತ್ತೇವೆ ಅನ್ನುವ ಯಾವುದೋ ಪ್ಯಾಕ್ ಇಳಿಸಿದ್ದೆ, ಅದು ಬೇರೆ ಬೋರ್ಡಿನ ಸೌಂಡ್ ಡ್ರೈವರ್ ತುರುಕಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಕೊಡುವಾಗ ಡ್ರೈವರ್ ಫೈಲನ್ನೂ ಅಳಿಸು ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಇಲ್ಲದಿದ್ದರೆ ರೀಸ್ಟಾರ್ಟ್ ಆದ ಮೇಲೆ ಅದೇ ವಾಪಸ್. ಎರಡು ಸಲ ಹಾಗೆ ಮಾಡಿದ ಮೇಲೆ ವಿಂಡೋಸ್‌ನ ಸ್ವಂತ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಅಂತ ಬಂತು. ಚಟಪಟ ನಿಂತಿತು. ಮುಂದಕ್ಕೆ ಬೋರ್ಡಿನ ಕಂಪನಿಯ ಡ್ರೈವರ್ ಹಾಕೋಣ ಅಂದುಕೊಂಡಿದ್ದೆ. ಸರಿಯಾಗಿ ಹಾಡುತ್ತಿರುವುದನ್ನು ಯಾಕೆ ಕೆಣಕಬೇಕು ಅಂತ ಬಿಟ್ಟೆ.

ಗುಂಯ್ ಮಾತ್ರ ಹೋಗಲಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ತಗಡಿಗೆ ಕೈ ಸವರಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಿಣುಕು ದೀಪ. ಗೋಡೆಯ ಸಾಕೆಟ್ಟಿನ ಅರ್ತ್ ತೂತಿಗೂ ತಗಡಿಗೂ ನಡುವೆ ಎಸಿ ಅಳೆದರೆ 96 ವೋಲ್ಟ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ತಗಡನ್ನು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಎಲ್ಲೋ ತೂಗುಹಾಕಿರುತ್ತವೆ. ಅರ್ತ್ ಇದ್ದರೆ ಆ ಸಣ್ಣ ಕರೆಂಟು ನೆಲಕ್ಕೆ ಹೋಗುತ್ತೆ, ಇಲ್ಲದಿದ್ದರೆ ನಮ್ಮ ಬೆರಳಿಗೆ, ಇಯರ್‌ಫೋನಿಗೆ. ಎಕ್ಸ್‌ಟೆನ್ಷನ್ ಬಾಕ್ಸಿನ ಪ್ಲಗ್ ಕಿತ್ತು ಬಿಚ್ಚಿದೆ. ಮೂರು ಪಿನ್ನು ಇದೆ, ಹಸಿರು ವೈರು ಸ್ಕ್ರೂನಿಂದ ಕಳಚಿ ಒಂದು ಮೂಲೆಯಲ್ಲಿ ಸುಮ್ಮನೆ ಮಲಗಿದೆ. ಎರಡು ನಿಮಿಷದ ಕೆಲಸ. ಮತ್ತೆ ಅಳೆದಾಗ 1 ವೋಲ್ಟೂ ಇಲ್ಲ, ಗುಂಯ್ ಸಹ ಇಲ್ಲ.

ಇವತ್ತಿಗೆ ಹದಿನಾರು ದಿನ. ಈ ಸಲ ಬ್ಲೆಂಡರ್ ದಿನಾ ತೆರೆದಿದೆ, ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಚಾರ್ಟಿನಲ್ಲಿ ಒಂದೇ ಒಂದು ಕೆಂಪು ಗುರುತು, ಅದೂ ಪ್ರಿಂಟರಿನದು. ಮೇಜನ್ನು ದೇವರ ಮನೆಯಿಂದ ಆರು ಅಡಿ ಆಚೆ ಸರಿಸಿದೆವು. ಹಿಂದಿನ ಖಾಲಿ ಸ್ಲಾಟಿಗೆ ತಗಡು ಸಿಕ್ಕಿಲ್ಲ. ಸದ್ಯಕ್ಕೆ ಒಂದು ಲಗ್ನಪತ್ರಿಕೆಯನ್ನು ಅಳತೆಗೆ ಕತ್ತರಿಸಿ, ಸ್ಕ್ರೂ ಹಾಕಿ ಮುಚ್ಚಿದ್ದೇನೆ. ಹಲ್ಲಿ ನಿನ್ನೆ ಸಂಜೆ ಬಂದು ಅದರ ಮುಂದೆ ಸ್ವಲ್ಪ ಹೊತ್ತು ಕೂತಿತ್ತು.